ಟ್ರೈಲರಿಗೆ ಒಂಟಿ ಟೈರೋ, ಜೋಡಿ ಟೈರೋ?

ಮಾತಾಡಿದವರು ಇಬ್ಬರು. ಒಬ್ಬರು ಶಿರಾ–ಹಿರಿಯೂರು ನಡುವೆ ಹೆದ್ದಾರಿ ಪಕ್ಕದ ಶೆಡ್ಡಿನಲ್ಲಿ ಟ್ರೈಲರುಗಳ ಆಕ್ಸಲ್, ಬ್ರೇಕು, ಪಟ್ಟಾ ಕೆಲಸ ಮಾಡುತ್ತಲೇ ತಲೆ ನರೆತವರು. ಇನ್ನೊಬ್ಬ ಅದೇ ಸೀಮೆಯ ಯುವಕ. ಸಾಲ ಮಾಡಿ 20 ಟನ್ನಿನ ಹಿಟಾಚಿ ಕೊಂಡು ಕೆರೆ ಹೂಳು, ಚೆಕ್‌ಡ್ಯಾಂ, ಕಲ್ಲು ಕ್ವಾರಿ ಅಂತ ಕೆಲಸ ಹಿಡಿಯುತ್ತಾನೆ. ಪ್ರತಿ ಸಲ ಬಾಡಿಗೆ ಟ್ರೈಲರಿಗೆ ಕಾಯೋದು ಸಾಕಾಗಿ, ಸ್ವಂತದ್ದೊಂದು ಲೋಬೆಡ್ ಮಾಡಿಸೋಕೆ ಹೊರಟಿದ್ದಾನೆ.

ಕಿರಿಯ: ಅಣ್ಣಾ, ಮೂರು ಕೊಟೇಶನ್ ಬಂದಿದೆ. ಒಂದು, ಎರಡು ಆಕ್ಸಲ್, ಜೋಡಿ ಟೈರು, ಒಟ್ಟು ಎಂಟು. ಇನ್ನೊಂದು, ಮೂರು ಆಕ್ಸಲ್, ಜೋಡಿ ಟೈರು, ಹನ್ನೆರಡು. ಮೂರನೇದು ಮೂರು ಆಕ್ಸಲ್, ಆದ್ರೆ ಒಂದೊಂದು ಆಕ್ಸಲ್‌ಗೆ ಎರಡೇ ಅಗಲದ ಟೈರು, ಒಟ್ಟು ಆರೇ. ನನಗೆ ಈ ಆರು ಟೈರಿನದ್ದೇ ಹಿಡಿಸಿದೆ. ಯುರೋಪಿನ ಟ್ರೈಲರ್ ವಿಡಿಯೊ ನೋಡಿದ್ರೆ ಎಲ್ಲ ಹಾಗೇ ಇರ್ತವೆ. ಟೈರು ಕಮ್ಮಿ, ಖರ್ಚು ಕಮ್ಮಿ ಅಲ್ವಾ?

ಹಿರಿಯ: ಟೈರಿನ ಮಾತು ಆಮೇಲೆ. ಹೊರೋದು ಏನು ಅಂತ ಮೊದಲು ಹೇಳು. ಮೆಷೀನ್ ತೂಕ ಎಷ್ಟು?

ಕಿರಿಯ: 20 ಟನ್. ಕ್ಯಾಟಲಾಗ್‌ನಲ್ಲೇ ಇದೆ.

ಹಿರಿಯ: ಕ್ಯಾಟಲಾಗ್‌ನ ಮೆಷೀನು ತೊಳೆದು ಒರೆಸಿ ನಿಲ್ಲಿಸಿದ್ದು. ನಿನ್ನದು ಕೆರೆಯಿಂದ ಎದ್ದು ಬರೋದು. ಚೈನಿನ ತುಂಬ ಎರೆಮಣ್ಣು ಮೆತ್ತಿರುತ್ತೆ. ಕ್ವಾರಿ ಕೆಲಸ ಅಂದ್ರೆ ಬ್ರೇಕರ್ ಜೊತೆಗೇ ಹೋಗಬೇಕು, ಆ ಸೈಜಿಗೆ ಬ್ರೇಕರ್ರೇ ಒಂದೂವರೆ ಟನ್ನಿನ ಆಸುಪಾಸು. ಮೇಲೆ ಡೀಸೆಲ್ ಡ್ರಮ್ಮು, ಗ್ರೀಸ್ ಬಕೆಟ್ಟು. 22 ಟನ್ ಅಂತಲೇ ಇಟ್ಕೊ. ಖಾಲಿ ಟ್ರೈಲರ್ 8 ಟನ್ ಅನ್ನು. ಒಟ್ಟು 30.

ಕಿರಿಯ: ಅದನ್ನ ಮೊದಲನೇ ಕೊಟೇಶನ್ನಿನ ಎಂಟು ಟೈರಿಗೆ ಹಂಚಿದ್ರೆ…

ಹಿರಿಯ: ಹಾಗೆ ಹಂಚೋಕೆ ಬರಲ್ಲ. ಟ್ರೈಲರಿನ ಮೂತಿ ಕಿಂಗ್‌ಪಿನ್ ಮೂಲಕ ಹಾರ್ಸ್ ಮೇಲೆ, ಅಂದ್ರೆ ಎಳೆಯೋ ಲಾರಿಯ ಮೇಲೆ, ಕೂತಿರುತ್ತಲ್ಲ, ಭಾರದ ಒಂದು ಪಾಲು ಅಲ್ಲಿಗೆ ಹೋಗುತ್ತೆ. ನಿನ್ನ ಹಾರ್ಸ್ ಎರಡೇ ಆಕ್ಸಲ್‌ದು. ಅದರ ಹಿಂದಿನ ಆಕ್ಸಲ್‌ಗೆ ಮಿತಿ 11.5 ಟನ್. ಹಾರ್ಸ್‌ನ ಸ್ವಂತ ತೂಕವೇ ಅಲ್ಲಿ ಎರಡು, ಎರಡೂವರೆ ಟನ್ ಇರುತ್ತೆ. ಹಾಗಾಗಿ ಕಿಂಗ್‌ಪಿನ್‌ಗೆ 9 ಟನ್ ಬಿಟ್ಟರೆ ಅಲ್ಲಿಗೆ ಅದು ಭರ್ತಿ. ಉಳಿದ 21 ಟನ್ ಟ್ರೈಲರಿನ ಆಕ್ಸಲ್‌ಗಳೇ ಹೊರಬೇಕು. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ಮಿತಿ ಏರಿಸಿತು. ನಾಲ್ಕು ಟೈರಿನ ಒಂಟಿ ಆಕ್ಸಲ್‌ಗೆ 10.2 ಇದ್ದದ್ದು 11.5 ಆಯ್ತು, ಜೊತೆ ಆಕ್ಸಲ್‌ಗೆ 19 ಇದ್ದದ್ದು 21, ಮೂರು ಆಕ್ಸಲ್‌ನ ಗುಂಪಿಗೆ 24 ಇದ್ದದ್ದು 27.

ಕಿರಿಯ: ಹಾಗಾದ್ರೆ ಎರಡು ಆಕ್ಸಲ್‌ಗೆ 21 ಸರಿಯಾಗಿ ಕೂತಿತಲ್ಲ!

ಹಿರಿಯ: ಕಾಗದದ ಮೇಲೆ ಕೂತಿತು. ಈಗ ನಿನ್ನ ಆಪರೇಟರ್ ರಾತ್ರಿ ಹತ್ತು ಗಂಟೆಗೆ ಅವಸರದಲ್ಲಿ ಮೆಷೀನ್ ಹತ್ತಿಸಿ, ನಿಲ್ಲಿಸಬೇಕಾದ ಜಾಗಕ್ಕಿಂತ ಒಂದು ಮೀಟರ್ ಹಿಂದೆ ನಿಲ್ಲಿಸಿದ ಅನ್ನು. ಕಿಂಗ್‌ಪಿನ್ನಿಂದ ಆಕ್ಸಲ್‌ಗಳ ನಡುಮಧ್ಯಕ್ಕೆ 8 ಮೀಟರ್ ಇದ್ದರೆ, 22 ಟನ್ ಒಂದು ಮೀಟರ್ ಹಿಂದೆ ಸರಿದಾಗ ಆಕ್ಸಲ್‌ಗಳ ಮೇಲೆ ಹೆಚ್ಚೋದು ಎರಡೂಮುಕ್ಕಾಲು ಟನ್. 21 ಇದ್ದದ್ದು 23.75 ಆಯ್ತು. ಅದೇ ಮೆಷೀನು, ಅದೇ ಟ್ರೈಲರು, ಅದೇ ಒಟ್ಟು ತೂಕ. ಒಂದು ಮೀಟರ್ ಅಷ್ಟೆ ವ್ಯತ್ಯಾಸ.

ಕಿರಿಯ: ಮುಂದಕ್ಕೆ ನಿಲ್ಲಿಸಿದ್ರೆ?

ಹಿರಿಯ: ಹಾರ್ಸ್‌ನ ಆಕ್ಸಲ್ ಮೀರುತ್ತೆ. ಎರಡು ಕಡೆಯೂ ಗೋಡೆ. ಓವರ್‌ಲೋಡ್ ಸಿಕ್ಕಿಬಿದ್ದರೆ 2019ರ ತಿದ್ದುಪಡಿ ಆದಮೇಲೆ ಕಾಯ್ದೆಯಲ್ಲಿ ದಂಡ 20,000 ರೂಪಾಯಿ, ಹೆಚ್ಚುವರಿ ಒಂದೊಂದು ಟನ್ನಿಗೆ 2,000 ಬೇರೆ. ದಂಡ ಕಟ್ಟಬಹುದು ಬಿಡು. ಟೈರು ದಂಡ ಕಟ್ಟಿಸಿಕೊಳ್ಳಲ್ಲ. ಬಾ ಇಲ್ಲಿ, ಇದನ್ನ ಓದು.

ಶೆಡ್ಡಿನ ಮುಂದೆ ಒಂದು ಹಳೇ ಟ್ರೈಲರ್ ನಿಂತಿತ್ತು. ಹಿರಿಯರು ಹೊರಗಿನ ಟೈರಿನ ಪಕ್ಕೆಯನ್ನು ಹತ್ತಿಬಟ್ಟೆಯಿಂದ ಉಜ್ಜಿದರು. ಧೂಳಿನಡಿಯಿಂದ ಮೊದಲು ‘10.00 ಆರ್ 20’ ಎಂಬ ಸೈಜು ಮೂಡಿತು, ಅದರ ಪಕ್ಕದಲ್ಲಿ 146/143.

ಹಿರಿಯ: ಈ 146 ಅಂದ್ರೆ ಟೈರು ಒಂಟಿಯಾಗಿ ಓಡಿದರೆ 3,000 ಕಿಲೊ ಹೊರುತ್ತೆ. 143 ಅಂದ್ರೆ ಜೋಡಿಯಲ್ಲಿ ಓಡಿದರೆ 2,725.

ಕಿರಿಯ: ಜೋಡಿಯಲ್ಲಿ ಕಮ್ಮಿನಾ? ನಾನು ಜೋಡಿಯಾದರೆ ಶಕ್ತಿ ಹೆಚ್ಚುತ್ತೆ ಅಂದ್ಕೊಂಡಿದ್ದೆ.

ಹಿರಿಯ: ಇಬ್ಬರದ್ದೂ ಸೇರಿ ಹೆಚ್ಚು, ಒಬ್ಬೊಬ್ಬರದ್ದು ಕಮ್ಮಿ. ಕಾರಣ ಇದೆ. ಎರಡು ಟೈರು ಯಾವತ್ತೂ ಭಾರವನ್ನ ಸರಿಸಮ ಹಂಚಿಕೊಳ್ಳಲ್ಲ. ರಸ್ತೆ ನಡುವೆ ಉಬ್ಬಿರುತ್ತೆ, ಅಂಚಿಗೆ ಇಳಿಜಾರು. ಭಾರಕ್ಕೆ ಆಕ್ಸಲ್ ಕೂಡ ಕೂದಲೆಳೆಯಷ್ಟು ಬಾಗುತ್ತೆ. ಒಂದರಲ್ಲಿ ಗಾಳಿ ಕಮ್ಮಿ, ಇನ್ನೊಂದು ಹೊಸದು. ಜೋಡಿ ಎತ್ತಿನಲ್ಲಿ ಒಂದು ಎತ್ತರ ಒಂದು ಗಿಡ್ಡ ಆದರೆ ನೊಗದ ಭಾರ ಹೇಗೆ ಓರೆಯಾಗುತ್ತೋ ಹಾಗೇ ಇದು. ಅದಕ್ಕೇ ಟೈರು ಮಾಡುವವರು ಮೊದಲೇ ಒಂದಿಷ್ಟು ಕಳೆದು ನಂಬರ್ ಹಾಕ್ತಾರೆ. ಈಗ ನಿನ್ನ ಲೆಕ್ಕ ಮಾಡು. 21 ಟನ್, ಎಂಟು ಟೈರು.

ಕಿರಿಯ: ಒಂದಕ್ಕೆ 2,625.

ಹಿರಿಯ: ಮಿತಿ 2,725. ಕೈಯಲ್ಲಿ ಉಳಿದದ್ದು 100 ಕಿಲೊ. ಮೆಷೀನು ಒಂದು ಮೀಟರ್ ಹಿಂದೆ ಸರಿದ ರಾತ್ರಿ ಒಂದೊಂದರ ಮೇಲೂ 2,969. ಇನ್ನೊಂದು ನೋಡು. ಒಂಟಿ ಆಕ್ಸಲ್‌ಗೆ ಕಾನೂನು 11.5 ಟನ್ ಕೊಡುತ್ತೆ, ನಾಲ್ಕರಿಂದ ಭಾಗಿಸಿದರೆ 2,875. ಅಂದ್ರೆ ಕಾನೂನು ಒಪ್ಪಿದ ಭಾರವನ್ನ ಈ ಟೈರು ಒಪ್ಪಲ್ಲ. ಸರ್ಕಾರ ಆಕ್ಸಲ್ ಮಿತಿ ಏರಿಸಿತು ನಿಜ, ಆದರೆ ಹಳೇ ಟೈರುಗಳ ಮೇಲಿನ ನಂಬರನ್ನ ಯಾರೂ ಏರಿಸಲಿಲ್ಲ. ಎರಡರಲ್ಲಿ ಯಾವುದು ಕಮ್ಮಿಯೋ ಅದೇ ನಿನ್ನ ಮಿತಿ.

ಕಿರಿಯ: ಒಂದು ಪಂಚರ್ ಆದರೂ ಪಕ್ಕದ್ದು ಇರುತ್ತೆ, ಊರು ಮುಟ್ಟಬಹುದು ಅನ್ನೋದೇ ಜೋಡಿ ಟೈರಿನ ಲಾಭ ಅಂತ ಎಲ್ಲಾ ಡ್ರೈವರ್‌ಗಳೂ ಹೇಳ್ತಾರಲ್ಲ?

ಹಿರಿಯ: ಆ ಮಾತು ಎಷ್ಟು ಟೈರು ಸುಟ್ಟಿದೆಯೋ! ಇವನ ಪಾಲು 2,625, ಸತ್ತ ಜೊತೆಗಾರನ ಪಾಲೂ ಅಷ್ಟೇ. ಸುಮಾರು ಅಷ್ಟೂ ಇವನ ತಲೆ ಮೇಲೆ ಬರುತ್ತೆ, 5,250. ಒಂಟಿಯಾಗಿ ಅವನ ತಾಕತ್ತು 3,000. ರಸ್ತೆ ಬದಿಗೆ ನಿಧಾನವಾಗಿ ತಂದು ನಿಲ್ಲಿಸೋ ತನಕ ತಡೆದುಕೊಳ್ಳುತ್ತೆ, ಅದೇ ಜೋಡಿ ಟೈರಿನ ದೊಡ್ಡ ಉಪಕಾರ. ಗಾಡಿ ವಾಲಲ್ಲ, ಮೆಷೀನು ಉರುಳಲ್ಲ. ಅದನ್ನ ಮೀರಿ ಊರು ಮುಟ್ಟೋ ಆಸೆಗೆ ಓಡಿಸಿದರೆ, ಗಾಳಿ ಹೋದ ಟೈರು ಪಕ್ಕದ್ದಕ್ಕೆ ಉಜ್ಜಿ ಬಿಸಿಯಾಗುತ್ತೆ. ಓಡುವಾಗ ಗಾಳಿ ಬಡಿದು ಸ್ವಲ್ಪ ತಣ್ಣಗಿರುತ್ತೆ, ನಿಲ್ಲಿಸಿದ ಮೇಲೆ ಹೊತ್ತಿಕೊಳ್ಳುತ್ತೆ. ಡ್ರೈವರ್ ಟೀ ಕುಡಿಯೋಕೆ ಹೋಗಿರ್ತಾನೆ.

ಕಿರಿಯ: ಹಾಗಾದ್ರೆ ಅಗಲದ ಒಂಟಿ ಟೈರೇ ವಾಸಿ. ಉಜ್ಜೋಕೆ ಪಕ್ಕದಲ್ಲಿ ಯಾರೂ ಇರಲ್ಲ.

ಹಿರಿಯ: ಅದರ ಗುಣ ನಾನು ಇಲ್ಲ ಅನ್ನಲ್ಲ. ಯುರೋಪಿನಲ್ಲಿ ಮೂರು ಆಕ್ಸಲ್ ಗುಂಪಿಗೆ ಮಿತಿ 24 ಟನ್. ಅಲ್ಲಿ ಹಾಕೋದು 385/65 ಆರ್ 22.5 ಸೈಜು. ಲೋಡ್ ನಂಬರ್ 160, ಅಂದ್ರೆ ಒಂದೊಂದೂ 4,500 ಕಿಲೊ ಹೊರುತ್ತೆ. ಆರಕ್ಕೆ 27 ಟನ್, ಮೂರು ಟನ್ ಕೈಯಲ್ಲಿ ಉಳೀತು. ರಿಮ್ಮು ಕಮ್ಮಿ, ಖಾಲಿ ತೂಕ ಕಮ್ಮಿ, ಉರುಳೋಕೆ ಹಗುರ, ಡೀಸೆಲ್ ಉಳಿಯುತ್ತೆ. ಬ್ರೇಕ್ ಡ್ರಮ್ಮಿಗೆ ಗಾಳಿ ಆಡುತ್ತೆ, ಗಾಳಿ ಹಿಡಿಸೋ ವಾಲ್ವು ಕಣ್ಣೆದುರಿಗೇ ಇರುತ್ತೆ. ನಿನ್ನ ಭಾರಕ್ಕೂ ಲೆಕ್ಕ ಹಾಕಿದರೆ, ಒಂದು ಆಕ್ಸಲ್ ಹೆಚ್ಚಾದ ತೂಕ ಸೇರಿ 22 ಟನ್ ಅನ್ನು, ಆರು ಟೈರಿಗೆ ಒಂದೊಂದಕ್ಕೆ 3,667. ಎಂಟು ಟೈರಿನ ಟ್ರೈಲರಿಗಿಂತ ಟೈರಿನ ಮಟ್ಟಿಗೆ ಇದೇ ಮೇಲು.

ಕಿರಿಯ: ಮತ್ತೆ ಬೇಡ ಅಂತ ಯಾಕೆ ಮುಖ ಮಾಡ್ತೀರಿ?

ಹಿರಿಯ: ಮೂರು ಕಾರಣಕ್ಕೆ. ಮೊದಲನೇದು, ಹೊಳಲ್ಕೆರೆ ಆಚೆ ಯಾವುದೋ ಹಳ್ಳಿ ರಸ್ತೆಯಲ್ಲಿ ಸಂಜೆ ಏಳು ಗಂಟೆಗೆ ಆ ಅಗಲದ ಟೈರು ಸೀಳಿತು ಅನ್ನು. ಎಲ್ಲಿ ಹುಡುಕ್ತೀಯ? 10.00 ಆರ್ 20 ಆದರೆ ಪಂಚರ್ ಅಂಗಡಿಯವನ ಹತ್ತಿರ ಹಳೇದಾದರೂ ಒಂದು ಸಿಗುತ್ತೆ. ನಿನ್ನ ಹಾರ್ಸ್‌ಗೂ ಅದೇ ಸೈಜು, ಒಂದೇ ಸ್ಟೆಪ್ನಿ ಎಲ್ಲಾ ಚಕ್ರಕ್ಕೂ ಆಗುತ್ತೆ. ಎರಡನೇದು ಕಾನೂನು. ನಮ್ಮಲ್ಲಿ ಒಂಟಿ ಆಕ್ಸಲ್‌ಗೆ ಎರಡು ಟೈರು ಇದ್ದರೆ ಮಿತಿ ಬೇರೆ, ನಾಲ್ಕು ಇದ್ದರೆ ಬೇರೆ, ಎರಡಕ್ಕೆ ಕಮ್ಮಿ. ಫ್ಯಾಬ್ರಿಕೇಟರ್ ಬಾಯಲ್ಲಿ ಹೇಳೋದು ನಡೆಯಲ್ಲ, ಅವನ ಡಿಸೈನ್‌ಗೆ ಸಿಕ್ಕಿರುವ ಅನುಮೋದನೆಯಲ್ಲಿ, ನಿನ್ನ ಆರ್‌ಸಿಯಲ್ಲಿ ಎಷ್ಟು ಬರೆದಿದೆಯೋ ಅಷ್ಟೇ ನಿನಗೆ ಸಲ್ಲೋದು.

ಕಿರಿಯ: ಮೂರನೇದು?

ಹಿರಿಯ: ರಸ್ತೆ. ಇದನ್ನ ನಮ್ಮವರು ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ, ಅದೇ ನನಗೆ ಬೇಜಾರು. ಡಾಂಬರು ರಸ್ತೆ ಎಷ್ಟು ದಪ್ಪ ಇರಬೇಕು ಅಂತ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಐಆರ್‌ಸಿ 37 ಅನ್ನೋ ಕೈಪಿಡಿ ಹೇಳುತ್ತೆ. ಅದರಲ್ಲಿ ಜೋಡಿ ಟೈರಿನ ಆಕ್ಸಲ್‌ಗೆ ಅಳತೆಗೋಲು 80 ಕಿಲೊನ್ಯೂಟನ್, ಎಂಟು ಟನ್ನಿನ ಮೇಲೆ ಚೂರು. ಒಂಟಿ ಟೈರಿನ ಆಕ್ಸಲ್‌ಗೆ 65, ಆರೂವರೆ ಟನ್ ಚಿಲ್ಲರೆ. ಒಂಟಿ ಟೈರಿನ ಮೇಲೆ ಆರೂವರೆ ಟನ್ ಹೋದರೂ, ಜೋಡಿ ಟೈರಿನ ಮೇಲೆ ಎಂಟು ಟನ್ ಹೋದರೂ ರಸ್ತೆಗೆ ಆಗೋ ಪೆಟ್ಟು ಒಂದೇ ಅಂತ. ಆ ಪೆಟ್ಟು ಭಾರದ ನಾಲ್ಕನೇ ಘಾತದಲ್ಲಿ ಏರುತ್ತೆ. ಅಮೆರಿಕದ ಇಲಿನಾಯ್‌ನಲ್ಲಿ 1958ರಿಂದ 60ರ ತನಕ ಲಾರಿಗಳನ್ನ ಹಗಲೂ ರಾತ್ರಿ ಓಡಿಸಿ ಮಾಡಿದ ಪರೀಕ್ಷೆಯಿಂದ ಬಂದ ಲೆಕ್ಕ ಅದು. ಆ ಲೆಕ್ಕದಲ್ಲಿ ಒಂದೇ ಭಾರವನ್ನ ಜೋಡಿ ಬಿಟ್ಟು ಒಂಟಿ ಟೈರಿನ ಮೇಲೆ ಹೇರಿದರೆ ರಸ್ತೆ ಸವೆಯೋದು ಎರಡೂಕಾಲು ಪಟ್ಟು ಜಾಸ್ತಿ. ಅಗಲದ ಟೈರಿಗೆ ಅಷ್ಟು ಕೆಟ್ಟದಾಗಿ ಇರಲಿಕ್ಕಿಲ್ಲ, ಆದರೆ ದಿಕ್ಕು ಅದೇ. ನೀನು ಓಡಾಡೋದು ನಿನ್ನೂರಿನ ಗ್ರಾಮ ಸಡಕ್ ಮೇಲೆ. ಕೆರೆ ಹೂಳು ತೆಗೆದು ಪುಣ್ಯ ಕಟ್ಟಿಕೊಂಡು, ಅದೇ ಕೆರೆಗೆ ಹೋಗೋ ದಾರಿ ಕಿತ್ತು ಬಂದರೆ ಏನು ಬಂತು?

ಕಿರಿಯ: ಒಪ್ಪಿದೆ ಅಣ್ಣಾ. ಆದ್ರೆ ಜೋಡಿ ಟೈರಿನ ಗೋಳು ನಾನೂ ಬಾಡಿಗೆ ಗಾಡಿಗಳಲ್ಲಿ ನೋಡಿದ್ದೀನಿ. ಕ್ವಾರಿಯಿಂದ ಆಚೆ ಬಂದರೆ ಮಧ್ಯೆ ಕಲ್ಲು ಸಿಕ್ಕಿಕೊಂಡಿರುತ್ತೆ.

ಹಿರಿಯರು ಮಾತಾಡದೆ ಅವನನ್ನು ಟ್ರೈಲರಿನ ಹಿಂದಕ್ಕೆ ಕರೆದೊಯ್ದರು. ಎಡಗಡೆಯ ಜೋಡಿಯ ನಡುವೆ ತೆಂಗಿನಕಾಯಿ ಗಾತ್ರದ ಕಲ್ಲು ಕಚ್ಚಿಕೊಂಡಿತ್ತು. ಎರಡೂ ಟೈರುಗಳ ಒಳಪಕ್ಕೆಯಲ್ಲಿ ಅದು ಕೊರೆದ ಗೀರು ಬಳೆಯಂತೆ ಸುತ್ತಲೂ ಹೊಳೆಯುತ್ತಿತ್ತು. ಕೆಲಸದ ಹುಡುಗ ಜಾಕಿ ರಾಡು ತೂರಿಸಿ ಮೀಟಿದ, ಬರಲಿಲ್ಲ. ಕೊನೆಗೆ ಹೊರಗಿನ ಟೈರಿನ ಗಾಳಿ ಇಳಿಸಿದ ಮೇಲೆ ಸಡಿಲವಾಗಿ ಕೆಳಗೆ ಬಿತ್ತು. ಹೊರಗಿನ ಟೈರಿನ ಗೀರಿನೊಳಗೆ ಬೆರಳಾಡಿಸಿದರೆ ನೂಲು ಸಿಗುತ್ತಿತ್ತು. ಆ ಟೈರನ್ನು ಹಿರಿಯರು ಬಿಚ್ಚಿ ಪಕ್ಕಕ್ಕಿಡಲು ಹೇಳಿದರು.

ಹಿರಿಯ: ನೋಡಿದೆಯಲ್ಲ. ಕ್ವಾರಿ ಗೇಟು ದಾಟಿದ ಕೂಡಲೇ ಇಳಿದು ಟಾರ್ಚ್ ಹಾಕಿ ನೋಡಿದ್ದರೆ ಐದು ನಿಮಿಷದ ಕೆಲಸ. ಹೆದ್ದಾರಿಗೆ ಹತ್ತಿ ವೇಗ ಹಿಡಿದ ಮೇಲೆ ಆ ಕಲ್ಲು ಹಾರಿದ್ದರೆ ಹಿಂದೆ ಬರೋ ಬೈಕಿನವನ ಗತಿ ಏನು ಯೋಚನೆ ಮಾಡು. ಜೋಡಿ ಟೈರು ತಗೊಳ್ಳೋನು ಈ ಕೆಲಸವನ್ನೂ ಜೊತೆಗೇ ತಗೊಳ್ಳಬೇಕು. ಒಳಗಿನ ಟೈರು ಯಾವಾಗಲೂ ಮಲಮಗ. ವಾಲ್ವಿಗೆ ಕೈ ಎಟುಕಲ್ಲ, ಡ್ರಮ್ಮಿನ ಬಿಸಿಯೂ ಅದಕ್ಕೇ, ಗಾಳಿ ನೋಡೋದೂ ಅದನ್ನೇ ಕೊನೆಗೆ. ಕ್ಲೀನರ್ ರಾಡಿನಿಂದ ತಟ್ಟಿ ‘ಸರಿ ಇದೆ’ ಅಂತಾನೆ. ಪೂರ್ತಿ ಇಳಿದ ಟೈರನ್ನ ಸದ್ದಿನಲ್ಲಿ ಗುರುತಿಸಬಹುದು, ಕಾಲು ಭಾಗ ಇಳಿದದ್ದನ್ನ ಯಾವ ಕಿವಿಯೂ ಗುರುತಿಸಲ್ಲ. ಐದರಲ್ಲಿ ಒಂದು ಪಾಲು ಗಾಳಿ ಕಮ್ಮಿ ಇದ್ದರೆ ಆ ಟೈರು ಫ್ಲಾಟ್ ಅಂತಲೇ ಲೆಕ್ಕ. ಒಳಗಿನ ವಾಲ್ವಿಗೆ ಎಕ್ಸ್‌ಟೆನ್ಶನ್ ಹಾಕಿಸು, ಒಳ್ಳೆ ಗೇಜ್ ಒಂದು ಕೊಳ್ಳು, ಬೆಳಿಗ್ಗೆ ಗಾಡಿ ತಣ್ಣಗಿರುವಾಗ ನೋಡು.

ಕಿರಿಯ: ಒಂದು ಹೊಸದು, ಒಂದು ಸವೆದದ್ದು ಜೋಡಿ ಹಾಕಬಹುದಾ?

ಹಿರಿಯ: ಈ ಸೈಜಿನಲ್ಲಿ ಎರಡರ ವ್ಯಾಸದ ನಡುವೆ ಅರ್ಧ ಇಂಚಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಎರಡೂ ಒಂದೇ ಹಬ್ಬಿಗೆ ಕಟ್ಟಿರೋವು, ಬೇರೆ ಬೇರೆ ವೇಗದಲ್ಲಿ ಸುತ್ತೋಕೆ ಆಗಲ್ಲ. ದೊಡ್ಡದು ಭಾರ ಹೊರುತ್ತೆ, ಚಿಕ್ಕದು ನೆಲಕ್ಕೆ ಉಜ್ಜಿಕೊಂಡೇ ಸಾಯುತ್ತೆ. ಚೂರುಪಾರು ವ್ಯತ್ಯಾಸ ಇದ್ದರೆ ಸವೆದದ್ದನ್ನ ಒಳಗೆ ಹಾಕು. ಟೈರು ಬದಲಾಯಿಸಿದಾಗ ಎರಡು ಡಿಸ್ಕಿನ ನಡುವೆ ತುಕ್ಕು, ಮಣ್ಣು, ದಪ್ಪ ಪೇಂಟು ಇರದ ಹಾಗೆ ಉಜ್ಜಿಸು. ಹಳೇ ಮಾದರಿಯ ಹಬ್ ಆದರೆ ಒಳಗೊಂದು ನಟ್ಟು, ಹೊರಗೊಂದು ನಟ್ಟು ಇರುತ್ತೆ. ಹೊರಗಿನದ್ದನ್ನ ಮಾತ್ರ ಬಿಗಿದು ಒಳಗಿನದ್ದು ಸಡಿಲ ಬಿಟ್ಟರೆ ಒಳಗಿನ ಚಕ್ರ ಕುಣಿಯುತ್ತೆ. ಐವತ್ತು ನೂರು ಕಿಲೋಮೀಟರ್ ಓಡಿದ ಮೇಲೆ ನಿಲ್ಲಿಸಿ ಮತ್ತೊಮ್ಮೆ ಬಿಗಿ ನೋಡು.

ಕಿರಿಯ: ಹನ್ನೆರಡು ಟೈರಿನದ್ದಾದರೆ ತಿರುವಿನಲ್ಲಿ ಟೈರು ತಿನ್ನುತ್ತೆ ಅಂತಾರೆ.

ಹಿರಿಯ: ತಿನ್ನುತ್ತೆ. ಮೂರು ಆಕ್ಸಲ್ ಸಾಲಾಗಿ ಇದ್ದರೆ ಇಕ್ಕಟ್ಟಿನ ತಿರುವಿನಲ್ಲಿ ಮುಂದಿನದು ಒಂದು ಕಡೆ, ಹಿಂದಿನದು ಇನ್ನೊಂದು ಕಡೆ ಅಡ್ಡಕ್ಕೆ ಜಾರಬೇಕು. ಕಾಂಕ್ರೀಟ್ ಅಂಗಳದಲ್ಲಿ ಗಿರಕಿ ಹೊಡೆಸಿದರೆ ಕಪ್ಪು ಪಟ್ಟೆ ಬೀಳೋದು ಅದಕ್ಕೇ. ಅದಕ್ಕೆ ಡ್ರೈವರಿಗೆ ಹೇಳಿ ಅಗಲ ತಿರುವು ತೆಗೆಸು, ನಿಂತಲ್ಲೇ ಮುರಿಯಬೇಡ ಅನ್ನು. ಈ ನಷ್ಟ ನಿಜ, ಆದರೆ ಇದು ದುಡ್ಡಿನ ನಷ್ಟ. ಅದರ ಬದಲಿಗೆ ಸಿಗೋದು ನೋಡು. 22 ಟನ್ ಹನ್ನೆರಡಕ್ಕೆ ಹಂಚಿದರೆ ಒಂದೊಂದಕ್ಕೆ 1,833. ಮಿತಿ 2,725. ಮೆಷೀನು ಒಂದು ಮೀಟರ್ ಹಿಂದೆ ನಿಂತರೂ 24.75 ಟನ್, ಕಾನೂನಿನ 27ರ ಒಳಗೇ ಇದ್ದೀಯ, ಟೈರಿನ ಒಳಗೂ ಇದ್ದೀಯ. ಮೇಲೆ ಬ್ರೇಕ್ ಡ್ರಮ್ಮು ನಾಲ್ಕರ ಬದಲು ಆರು. ಮುಂದೆ ಸಕಲೇಶಪುರದ ಕಡೆ ಕೆಲಸ ಸಿಕ್ಕಿ ಶಿರಾಡಿ ಇಳಿಯೋ ಹಾಗಾದರೆ ಆ ಎರಡು ಡ್ರಮ್ಮಿನ ಬೆಲೆ ಗೊತ್ತಾಗುತ್ತೆ.

ಕಿರಿಯ: ಮುಂದಿನ ವರ್ಷ 3 ಟನ್ನಿನ ಚಿಕ್ಕ ಮೆಷೀನ್ ಒಂದು ತಗೊಳ್ಳೋ ಯೋಚನೆ ಇದೆ, ಅಡಿಕೆ ತೋಟದ ಬದು, ಕಾಲುವೆಗೆ. ಅದಕ್ಕೂ ಜೋಡಿ ಟೈರೇ?

ಹಿರಿಯ: ಅದಕ್ಕೆ ಒಂಟಿ ಟೈರಿನ ಎರಡು ಆಕ್ಸಲ್ ಚಿಕ್ಕ ಟ್ರೈಲರೇ ಸರಿ, ಕಣ್ಣುಮುಚ್ಚಿ ಹೇಳ್ತೀನಿ. ಅಮೆರಿಕದಲ್ಲಿ ಪಿಕಪ್ ಹಿಂದೆ ಕಟ್ಟೋ ಮೆಷೀನ್ ಟ್ರೈಲರುಗಳಲ್ಲಿ 7,000 ಪೌಂಡಿನ ಆಕ್ಸಲ್, ಅಂದ್ರೆ 3.2 ಟನ್ ಹತ್ತಿರದ್ದು, ಒಂಟಿ ಟೈರಿನಲ್ಲಿ ಬರುತ್ತೆ. 10,000 ಪೌಂಡು, ಅಂದ್ರೆ ನಾಲ್ಕೂವರೆ ಟನ್ನಿನ ಆಕ್ಸಲ್‌ಗೆ ಹೋದಾಗ ಜೋಡಿ ಟೈರು ಶುರುವಾಗುತ್ತೆ. ಅವರೂ ಗೆರೆ ಎಳೆದಿರೋದು ಅಲ್ಲೇ. ಹಗುರ ಮೆಷೀನಿಗೆ ಒಂಟಿ ಟೈರು ಹಾಕಿದರೆ ಚಕ್ರಗಳ ನಡುವೆಯೇ ಹಲಗೆ ಕೂರಿಸಿ ತಗ್ಗಿಸಬಹುದು, ರ‍್ಯಾಂಪು ಕಡಿದಾಗಲ್ಲ, ತೋಟದ ಕೆಸರಿನಲ್ಲಿ ಗಾಡಿ ಜಾಡು ಹಿಡಿದು ಹೋಗುತ್ತೆ, ಜೋಡಿಯ ಮಧ್ಯೆ ಮಣ್ಣು ಗಟ್ಟಿಯಾಗಿ ಕೂರೋ ಕಾಟ ಇಲ್ಲ. ಮುಖ್ಯ ವಿಷಯ ಬೇರೆ. ಅಂಥ ಟ್ರೈಲರು ತಿಂಗಳಲ್ಲಿ ಓಡೋದಕ್ಕಿಂತ ನಿಲ್ಲೋದೇ ಜಾಸ್ತಿ. ಟೈರು ಸವೆದು ಸಾಯಲ್ಲ, ಬಿಸಿಲಿಗೆ ಬಿರುಕು ಬಿಟ್ಟು ಸಾಯುತ್ತೆ. ಪಕ್ಕೆಯ ಮೇಲೆ ನಾಲ್ಕು ಅಂಕಿ ಇರುತ್ತೆ. 2319 ಅಂದ್ರೆ 2019ರ 23ನೇ ವಾರ ಹುಟ್ಟಿದ್ದು. ಟ್ರೆಡ್ ಎಷ್ಟೇ ಆಳ ಇದ್ದರೂ ಆ ಅಂಕಿ ಹಳೇದಾಗಿದ್ದರೆ ನಂಬಬೇಡ. ಎಂಟು ಹಳೇ ಟೈರಿಗಿಂತ ನಾಲ್ಕು ಹೊಸ ಟೈರು ಲೇಸು.

ಕಿರಿಯ: ಸರಿ. ದೊಡ್ಡದಕ್ಕೆ ಮೂರು ಆಕ್ಸಲ್, ಜೋಡಿ ಟೈರು, ಹನ್ನೆರಡು. ಚಿಕ್ಕದಕ್ಕೆ ಒಂಟಿ. ಅಡ್ವಾನ್ಸ್ ಕೊಟ್ಟುಬಿಡಲಾ?

ಹಿರಿಯ: ಕೊಡಬೇಡ. ನಾನು ಹೇಳಿದ್ದೆಲ್ಲ 22 ಮತ್ತೆ 8 ಅನ್ನೋ ಅಂದಾಜಿನ ಮೇಲೆ ನಿಂತಿದೆ. ಮುಂದಿನ ಸಲ ಬಾಡಿಗೆ ಟ್ರೈಲರಿನಲ್ಲಿ ಮೆಷೀನು ಕೆರೆಯಿಂದ ಎತ್ತಿದಾಗ ತೊಳೆಯದೆ, ಬ್ರೇಕರ್ ಸಮೇತ, ಡೀಸೆಲ್ ಟ್ಯಾಂಕು ಭರ್ತಿ ಇರುವಾಗಲೇ ವೇಬ್ರಿಡ್ಜಿಗೆ ಹೋಗು. ಎರಡು ಚೀಟಿ ಮಾಡಿಸು. ಒಂದು ಇಡೀ ಗಾಡಿಯದ್ದು. ಇನ್ನೊಂದು ಹಾರ್ಸನ್ನ ತಟ್ಟೆಯಿಂದ ಮುಂದಕ್ಕೆ ಇಳಿಸಿ, ಟ್ರೈಲರಿನ ಆಕ್ಸಲ್‌ಗಳು ಮಾತ್ರ ಮೇಲೆ ಇರುವಾಗ. ಮೆಷೀನ್ ಇಳಿಸಿ ಬರುವಾಗ ಖಾಲಿ ಟ್ರೈಲರಿಗೂ ಹಾಗೇ ಎರಡು ಚೀಟಿ. ಆ ನಾಲ್ಕು ಚೀಟಿ, ಮೆಷೀನು ಹಲಗೆಯ ಮೇಲೆ ಎಲ್ಲಿ ನಿಂತಿತ್ತು ಅನ್ನೋದಕ್ಕೆ ಸೀಮೆಸುಣ್ಣದ ಗೆರೆ ಹಾಕಿ ತೆಗೆದ ಒಂದು ಫೋಟೊ, ಇಷ್ಟು ತಗೊಂಡು ಫ್ಯಾಬ್ರಿಕೇಟರ್ ಹತ್ತಿರ ಹೋಗು. ಚೀಟಿ ನೋಡದೆ ಆಕ್ಸಲ್ ಹೇಳುವವನ ಹತ್ತಿರ ಟ್ರೈಲರ್ ಮಾಡಿಸಬೇಡ.